ಗೋಡೆ ಮೇಲಿನ ಹೋರಾಟಗಾರರೂ ಬಾಗಿಲ ಬಳಿಯ ನಾನೂ

ಬೇಡ ಅಂದರೂ ಇಂಥ ಪ್ರಸಂಗಗಳು ನಮ್ಮ ಮ್ಯೂಸಿಯಮ್ಮನ್ನೇ ಹುಡುಕಿಕೊಂಡು ಬರುತ್ತವೆ. ಬರುವ ಜನ ಕಡಿಮೆ. ಆದರೆ ಬಂದವರು ಸುಮ್ಮನೆ ನೋಡಿ, ಸುಮ್ಮನೆ ಹೋದ ದಿನ ನನಗೆ ನೆನಪಿಲ್ಲ.

ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗುವ ರಸ್ತೆಯಲ್ಲಿ, ಒಂದು ಎಣ್ಣೆ ಮಿಲ್ಲಿನ ಬೆನ್ನಿಗೆ ಅಂಟಿಕೊಂಡಂತೆ ಎರಡು ಕೋಣೆಯ ಹಳೇ ಕಲ್ಲುಕಟ್ಟಡ ಇದೆ. ಅದೇ ನಮ್ಮ ಸ್ವಾತಂತ್ರ್ಯ ಹೋರಾಟದ ಮ್ಯೂಸಿಯಂ. ಒಳಗೆ ಗೋಡೆ ತುಂಬ ಫೋಟೋ, ಗಾಜಿನ ಪೆಟ್ಟಿಗೆಯಲ್ಲಿ ಒಂದಷ್ಟು ಸಾಮಾನು, ಮೂಲೆಯಲ್ಲಿ ಒಂದು ಚರಕ. ಕರೆಂಟು ಇದ್ದರೆ ಫ್ಯಾನು. ಇಲ್ಲದಿದ್ದರೆ ಹಿಂಡಿಯ ವಾಸನೆ.

ನಾನು ಮೊದಲು ಅಣ್ಣನ ಜೊತೆ ಲಾರಿ ರಿಪೇರಿ ಮಾಡುತ್ತಿದ್ದವನು. ಒಂದು ದಿನ ಜಾಕ್ ಜಾರಿ ಬೆನ್ನಿಗೆ ಪೆಟ್ಟಾಯಿತು, ಬಗ್ಗುವುದು ನಿಂತಿತು. ಮರುವರ್ಷ ಅಣ್ಣ ಹೋದ, ಗ್ಯಾರೇಜೂ ಹೋಯಿತು. ಮ್ಯೂಸಿಯಂ ನೋಡಿಕೊಳ್ಳುವ ಕಮಿಟಿಯ ಹಿರಿಯರೊಬ್ಬರು ನನ್ನನ್ನು ಕರೆದು, "ಬಗ್ಗೋಕೆ ಬರಲ್ಲ ಅಂತ ಯಾಕೆ ಯೋಚನೆ ಮಾಡ್ತೀಯಾ? ನಮ್ಮಲ್ಲಿ ಬಾಗಿಲು ನೋಡ್ಕೋ. ಅಲ್ಲಿರೋರೆಲ್ಲ ಬಗ್ಗದೇ ಇರೋರೇ" ಅಂದರು. ಹೀಗೆ ಸೇರಿದೆ. ನನ್ನ ಹೆಂಡತಿ ಮಾತ್ರ ಇದನ್ನು ಇವತ್ತಿಗೂ "ಸತ್ತೋರ ನೌಕರಿ" ಅಂತಲೇ ಕರೆಯುತ್ತಾಳೆ.

ಫ್ರೇಮು

ಒಂದು ಬೇಸಿಗೆಯ ಮಧ್ಯಾಹ್ನ. ರಸ್ತೆಯಲ್ಲಿ ನಾಯಿ ಕೂಡ ಇಲ್ಲ. ಐವತ್ತರ ಆಸುಪಾಸಿನ ಒಬ್ಬ ಹೆಂಗಸು ಸೆರಗನ್ನು ತಲೆ ಮೇಲೆ ಹೊದ್ದು ಒಳಗೆ ಬಂದರು. ಹಣೆ ಖಾಲಿ, ಕೈ ಖಾಲಿ. ಕಂಕುಳಲ್ಲೊಂದು ಪ್ಲಾಸ್ಟಿಕ್ ಚೀಲ. ಗೋಡೆ ಮೇಲಿನ ಫೋಟೋಗಳನ್ನು ಒಂದೊಂದಾಗಿ ನೋಡುತ್ತಾ ಎರಡೂ ಕೋಣೆ ಸುತ್ತಿ ಬಂದರು. ಇಷ್ಟು ಶ್ರದ್ಧೆಯಿಂದ ನೋಡಿದವರನ್ನು ನಾನು ಕಂಡಿರಲಿಲ್ಲ. ಖುಷಿಯಾಗಿ ಎದ್ದು ನಿಂತೆ.

"ಭಾಳ ಚೆನ್ನಾಗೈತೆ" ಅಂದರು. ಆಮೇಲೆ ಚೀಲದಿಂದ ಒಂದು ಸಣ್ಣ ಫೋಟೋ ತೆಗೆದು ನನ್ನ ಕೈಗಿಟ್ಟರು. "ಇದನ್ನೂ ಹಿಂಗೇ ದೊಡ್ಡದು ಮಾಡಿ ಕಟ್ಟಾಕಿ ಕೊಡಪ್ಪ. ನಾಡಿದ್ದು ನಮ್ಮ ಯಜಮಾನರ ತಿಥಿ ಐತೆ."

ಏನು ಹೇಳುವುದು? ಇದು ಫ್ರೇಮಿನ ಅಂಗಡಿ ಅಲ್ಲ ಅವ್ವಾ, ಅದು ಬಸ್‌ಸ್ಟ್ಯಾಂಡ್ ಹತ್ತಿರ ಇದೆ, ಇದು ಸ್ವಾತಂತ್ರ್ಯ ಹೋರಾಟ ಮಾಡಿದವರ ಮ್ಯೂಸಿಯಂ ಅಂದೆ. ಅವರ ಕಣ್ಣು ತುಂಬಿತು. ಅಷ್ಟು ಬಿಸಿಲಲ್ಲಿ ಮತ್ತೆ ನಡೆಯಬೇಕಲ್ಲ ಅಂತಲೋ, ಬೇರೆ ಏನೋ. ಬೆಂಚಿನ ಮೇಲೆ ಕೂರಿಸಿ ನೀರು ಕೊಟ್ಟೆ. ಕುಡಿದು, ಸುಧಾರಿಸಿಕೊಂಡು, ಕೈಯಲ್ಲಿದ್ದ ಗಂಡನ ಫೋಟೋವನ್ನು ಸೆರಗಿನಿಂದ ಒರೆಸುತ್ತಾ ಕೇಳಿದರು.

"ಇವರೆಲ್ಲ ಏನು ಮಾಡಿದ್ರಪ್ಪ?"

"ಸ್ವಾತಂತ್ರ್ಯ ಬೇಕು ಅಂತ ಜೀವನಪೂರ್ತಿ ಹೋರಾಡಿದ್ರು ಅವ್ವಾ."

ಅವರು ಫೋಟೋ ನೋಡಿದರು, ಗೋಡೆ ನೋಡಿದರು, ನಿಟ್ಟುಸಿರು ಬಿಟ್ಟರು.

"ಹಂಗಾದ್ರೆ ಇವರದ್ದೂ ಇಲ್ಲೇ ಹಾಕ್ಕೋಬಹುದು ನೀನು. ಇವರೂ ಜೀವನಪೂರ್ತಿ ಅದಕ್ಕೇ ಹೋರಾಡಿದ್ರು. ನಾನೇ ಕೊಡಲಿಲ್ಲ."

ಬೇಲಿ

ದೊಡ್ಡಉಳ್ಳಾರ್ತಿ ಕಡೆಯ ಕುರಿ ಕಾಯುವ ಒಬ್ಬರು ಬಂದಿದ್ದರು. ಹೆಗಲ ಮೇಲೆ ಕಂಬಳಿ, ಕಾಲಲ್ಲಿ ಟೈರಿನ ಚಪ್ಪಲಿ. ಕೋರ್ಟಿಗೆ ಬಂದವರು, ಹೆಸರು ಕೂಗುವುದು ಊಟದ ಮೇಲೆ ಅಂದಿದ್ದಕ್ಕೆ ನೆರಳು ಹುಡುಕಿಕೊಂಡು ನಮ್ಮಲ್ಲಿಗೆ ಬಂದಿದ್ದರು. ಏನು ಕೇಸು ಅಂತ ನಾನು ಕೇಳಲಿಲ್ಲ. ಅವರೇ ಹೇಳಿದರು.

"ನಮ್ಮಪ್ಪ, ನಮ್ಮಜ್ಜ ಎಲ್ಲ ಅದೇ ಹುಲ್ಲುಗಾವಲಲ್ಲಿ ಕುರಿ ಮೇಯಿಸಿದ್ದು. ಈಗ ಸರ್ಕಾರದೋರು ಸುತ್ತ ಗೋಡೆ ಹಾಕ್ಯಾರೆ. ಕುರಿಗೆ ಬೋರ್ಡ್ ಓದೋಕೆ ಬರ್ತೈತಾ? ಒಂದು ಕಡೆ ಗೋಡೆ ಬಿದ್ದಿತ್ತು, ಹೋದ್ವು. ಅವುಗಳ ಹಿಂದೆ ನಾನು ಹೋದೆ. ಕುರೀನ ಬಿಟ್ರು, ನನ್ನ ಹಿಡಿದ್ರು."

ಅವರ ಮನಸ್ಸಿಗೆ ಸಮಾಧಾನವಾಗಲಿ ಅಂತ ನಾನು ಫೋಟೋ ತೋರಿಸುತ್ತಾ ಹೋದೆ. ಒಂದು ಫೋಟೋದಲ್ಲಿ ಒಂದಷ್ಟು ಜನ ಕೊಡಲಿ ಹಿಡಿದು ಈಚಲು ಮರಗಳ ಮಧ್ಯೆ ನಿಂತಿದ್ದಾರೆ. ಇವರು ಯಾರು ಅಂತ ಕೇಳಿದರು.

"ಸೇಂದಿ ನಿಲ್ಲಬೇಕು ಅಂತ ಸರ್ಕಾರದ ಕಾಡಿಗೆ ನುಗ್ಗಿ ಈಚಲು ಮರ ಕಡಿದೋರು. ಎಲ್ಲರನ್ನೂ ಹಿಡಿದು ಜೈಲಿಗೆ ಹಾಕಿದ್ರು" ಅಂದೆ.

"ಕೋರ್ಟ್‌ಗೆ ಹೋಗಿದ್ರಾ ಇವರೂ?"

"ಹೋಗಿದ್ರು."

"ತಪ್ಪು ಒಪ್ಕೊಂಡ್ರಾ?"

"ಮಾಡಿದ್ದು ಹೌದು, ಆದ್ರೆ ತಪ್ಪಲ್ಲ ಅಂದ್ರಂತೆ."

ಅವರು ಬಹಳ ಹೊತ್ತು ಆ ಫೋಟೋ ಮುಂದೆ ನಿಂತರು. ಎಣ್ಣೆ ಮಿಲ್ಲಿನ ಸೈರನ್ ಕೂಗಿತು. ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟವರು ಬಾಗಿಲಲ್ಲಿ ತಿರುಗಿ ನಿಂತರು. ಪಂಚೆ ಸರಿಮಾಡಿಕೊಂಡು, ಕೂದಲಿಗೆ ಕೈಯಾಡಿಸಿ, ಗೋಡೆಗೆ ಬೆನ್ನು ಕೊಟ್ಟು ನೆಟ್ಟಗಾದರು.

"ಮೊಬೈಲ್ ಐತಲ್ಲ ನಿನ್ನ ಹತ್ರ? ಒಂದು ಫೋಟೋ ಹೊಡ್ಕೊಂಡಿರು. ಈಗ ಕೇಸು ಅಂತಾರೆ, ಮುಂದೆ ಯಾವಾಗ ಗೋಡೆಗೆ ಹಾಕ್ತೀರೋ ಹೇಳೋಕೆ ಬರಲ್ಲ."

ಆಯುಧಗಳು

ಕುದಾಪುರದ ಕಡೆ ಹೋಗುವ ಯಾರೋ ದೊಡ್ಡವರು ದಾರಿಯಲ್ಲಿ ನಮ್ಮ ಮ್ಯೂಸಿಯಂ ನೋಡುತ್ತಾರೆ ಅಂತ ಸುದ್ದಿ ಬಂತು. ಕಮಿಟಿಯವರು ಓಡಾಡಿ ಸುಣ್ಣ ಹೊಡೆಸಿದರು. ನಾನು ಗಾಜು ಒರೆಸಿದೆ. ಇಷ್ಟು ವರ್ಷಕ್ಕೆ ಒಬ್ಬರಾದರೂ ಬರುತ್ತಿದ್ದಾರಲ್ಲ, ಸೋರುವ ಮಾಳಿಗೆಯನ್ನು ತೋರಿಸಬಹುದು ಅಂತ ಎಲ್ಲರಿಗೂ ಆಸೆ.

ಬೆಳಿಗ್ಗೆಯೇ ಭದ್ರತೆಯವರು ಬಂದರು. ಅವರಲ್ಲಿ ಹಿರಿಯನೊಬ್ಬ ಗಾಜಿನ ಪೆಟ್ಟಿಗೆಗಳ ಮುಂದೆ ನಿಂತು, "ಇದೇನು?" ಅಂದ.

"ಆಗಿನ ಪೊಲೀಸರ ಲಾಠಿ."

"ತೆಗೀರಿ. ಇದು?"

"ಕೈಕೋಳ."

"ಇದೂ ತೆಗೀರಿ. ಇದು?"

"ಮರ ಕಡಿದ ಕೊಡಲಿ ಸಾರ್. ಅಂಚೇ ಇಲ್ಲ, ತುಕ್ಕು ಹಿಡಿದೈತೆ."

"ತುಕ್ಕು ಇನ್ನೂ ಡೇಂಜರ್. ತೆಗೀರಿ."

ಚರಕದ ಕದಿರು ಚೂಪಾಗಿದೆ ಅಂತ ಅದನ್ನೂ ಬಿಚ್ಚಿಸಿದ. ಗೋಣಿಚೀಲಕ್ಕೆ ತುಂಬಿ ಎಲ್ಲವನ್ನೂ ಜೀಪಿನಲ್ಲಿ ಹಾಕಿಕೊಂಡರು. ನಾನು ಬೆನ್ನು ನೋವಿನ ಬೆಲ್ಟ್ ಕಟ್ಟಿದ್ದೆ, ಅದನ್ನೂ ಎರಡು ಸಲ ತಡವಿ ನೋಡಿದ.

ದೊಡ್ಡವರು ಬಂದರು. ಮೊದಲ ಪೆಟ್ಟಿಗೆ ನೋಡಿದರು, ಖಾಲಿ. ಎರಡನೆಯದು ನೋಡಿದರು, ಖಾಲಿ. ಪಕ್ಕದಲ್ಲಿದ್ದ ಕಮಿಟಿ ಅಧ್ಯಕ್ಷರ ಮುಖ ಬೆವೆತು ಹೋಗಿತ್ತು. ಎಲ್ಲಾ ಪೆಟ್ಟಿಗೆ ಮುಗಿಸಿ ಬಂದವರು ಅಧ್ಯಕ್ಷರ ಹೆಗಲ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ, ನಿಧಾನವಾಗಿ ಹೇಳಿದರು.

"ಅದ್ಭುತ. ಅಹಿಂಸೆ ಅನ್ನೋದನ್ನ ಇಷ್ಟು ಸ್ಪಷ್ಟವಾಗಿ ತೋರಿಸಿದ್ದು ನಾನು ಎಲ್ಲೂ ನೋಡಿಲ್ಲ."

ಮೌನ

ನಮ್ಮ ಗೋಡೆ ಮೇಲಿನವರಲ್ಲಿ ಬದುಕಿ ಉಳಿದಿದ್ದವರು ಒಬ್ಬರೇ. ನೂರರ ಹತ್ತಿರ ಬಂದ ಅಜ್ಜ. ಮೊಳಕಾಲ್ಮೂರು ಕಡೆಯವರು, ಚಳ್ಳಕೆರೆಯಲ್ಲಿ ಮೊಮ್ಮಗಳ ಮನೆಯಲ್ಲಿದ್ದರು. ಆಕೆ ಟೀಚರು. ಅಜ್ಜನಿಗೆ ಕಿವಿ ಮಂದ, ಮಂಡಿ ನೋವು. ಆದರೆ ಆಗಸ್ಟ್ ಹದಿನೈದಕ್ಕೆ ಬಿಳೀ ಟೋಪಿ ಹಾಕಿಕೊಂಡು ತಪ್ಪದೆ ಬರುತ್ತಿದ್ದರು.

ಒಂದು ವರ್ಷ ಅಲಂಕಾರದ ಕೆಲಸವನ್ನು ಶಾಮಿಯಾನದವರಿಗೆ ವಹಿಸಿದ್ದರು. ಅವರು ಪಾಪ, ಕಂಡ ಫೋಟೋಗೆಲ್ಲ ಹಾರ ಹಾಕಿ ಕುಂಕುಮ ಇಟ್ಟುಬಿಟ್ಟಿದ್ದರು. ಅಜ್ಜನದಕ್ಕೂ. ಅಷ್ಟೇ ಆಗಿದ್ದರೆ ನಾನು ಹೇಗೋ ತೆಗೆದುಬಿಡುತ್ತಿದ್ದೆ. ಹಾರ ನೋಡಿದ ಭಾಷಣಕಾರರು ಮೈಕ್ ಹಿಡಿದು, ನಮ್ಮನ್ನಗಲಿದ ಈ ಮಹನೀಯರಿಗೆ ಒಂದು ನಿಮಿಷ ಮೌನ ಅಂತ ಗೋಡೆಯ ಹೆಸರುಗಳನ್ನೆಲ್ಲ ಓದಿದರು. ಕೊನೆಯ ಹೆಸರು ಅಜ್ಜನದು.

ಎಲ್ಲರೂ ಎದ್ದು ನಿಂತರು. ಮೊದಲನೇ ಸಾಲಿನಲ್ಲಿ ಕೂತಿದ್ದ ಅಜ್ಜನೂ ಕೋಲೂರಿ, ನಡುಗುತ್ತಾ ಎದ್ದರು. ಟೋಪಿ ತೆಗೆದು ಎದೆಗೆ ಹಿಡಿದು ತಲೆ ತಗ್ಗಿಸಿ ನಿಂತರು. ಮೊಮ್ಮಗಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಅಳುತ್ತಿದ್ದಳೋ ನಗುತ್ತಿದ್ದಳೋ, ನನಗೆ ಆ ಕಡೆ ನೋಡುವ ಧೈರ್ಯ ಬರಲಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಅಧ್ಯಕ್ಷರು ಬಂದು ಅಜ್ಜನ ಕಾಲು ಹಿಡಿದು, ಕಿವಿ ಹತ್ತಿರ ಕೂಗಿ ಕೂಗಿ ಆದ ಪ್ರಮಾದ ಹೇಳಿದರು. ಅಜ್ಜನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು.

"ನನಗಾ?" ಅಂದರು. "ಥೂ, ಮೊದಲೇ ಹೇಳಬಾರದಾ? ಬೇರೆ ಯಾರಿಗೋ ಅಂತ ಎದ್ದು ನಿಂತೆ. ನನಗೇ ಅಂತ ಗೊತ್ತಿದ್ರೆ ಕೂತೇ ಇರ್ತಿದ್ದೆ. ಮಂಡಿ ಭಾಳ ನೋಯ್ತೈತೆ."

ನಡುವೆ ನಿಂತವನು

ಇದು ನಡೆದದ್ದು ಅಜ್ಜ ನಿಜವಾಗಿಯೂ ತೀರಿಕೊಳ್ಳುವ ಸ್ವಲ್ಪ ಮುಂಚೆ.

ಟೀ ಅಂಗಡಿಯಲ್ಲಿ ಪೇಪರ್ ಓದುತ್ತಿದ್ದ ಪರಿಚಯದವನೊಬ್ಬ ನನ್ನನ್ನು ನೋಡಿ, "ಲೇ, ದಿನಾ ಸ್ವಾತಂತ್ರ್ಯದ ಕಥೆ ಹೇಳ್ತೀಯಲ್ಲ, ಆವಾಗ ನಿಮ್ಮೋರು ಎಲ್ಲಿದ್ರೋ?" ಅಂದ. ತಮಾಷೆಗೇ ಅಂದಿದ್ದು. ಎಲ್ಲರೂ ನಕ್ಕರು. ನಾನೂ ನಕ್ಕೆ. ಟೀ ಮಾತ್ರ ಕುಡಿಯಲಾಗಲಿಲ್ಲ.

ಮನೆಗೆ ಹೋಗಿ ನನ್ನ ತಾಯಿ ಅಮ್ಮಿಯ ಮುಂದೆ ಇದನ್ನು ಹೇಳಬಾರದಿತ್ತು. ಅಮ್ಮಿ ತಟ್ಟೆ ಪಕ್ಕಕ್ಕೆ ತಳ್ಳಿ, "ನಮ್ಮ ಅಪ್ಪನ ಅಪ್ಪ, ದಾದಾ, ಗಾಂಧಿ ಟೋಪಿ ಹಾಕ್ಕೊಂಡು ಜೈಲಿಗೆ ಹೋಗಿದ್ರು ಬೇಟಾ. ಕಂಬಳಿ ವ್ಯಾಪಾರ ಬಿಟ್ಟು ಹೋಗಿದ್ರು. ನಾನು ಸಣ್ಣೋಳಿದ್ದಾಗ ಅವರ ಹೆಗಲ ಮೇಲೆ ಕೂತಿದ್ದು ನೆನಪೈತೆ" ಅಂದಳು. ಮರುದಿನ ಬುರ್ಖಾ ಹಾಕಿಕೊಂಡು ಆಟೋದಲ್ಲಿ ಮ್ಯೂಸಿಯಮ್ಮಿಗೇ ಬಂದುಬಿಟ್ಟಳು.

ನಮ್ಮಲ್ಲಿ ಒಂದು ಗ್ರೂಪ್ ಫೋಟೋ ಇದೆ. ಚಳವಳಿಯ ಕಾಲದ್ದು. ಕೆಳಗೆ ಹೆಸರು ಬರೆದಿದ್ದ ಭಾಗವನ್ನು ಗೆದ್ದಲು ತಿಂದಿದೆ. ಸಾಲಿನ ನಡುವೆ ಎತ್ತರದ, ಚೂಪು ಮೂಗಿನ, ಮೀಸೆಯ ಗಂಡಸೊಬ್ಬ ಎದೆ ಸೆಟೆಸಿ ನಿಂತಿದ್ದಾನೆ. ಎಲ್ಲರಿಗಿಂತ ಬಿಳೀ ಖಾದಿ ಅವನದೇ. ಅಮ್ಮಿಗೆ ಒಂದು ಕಣ್ಣಿನಲ್ಲಿ ಪೊರೆ. ಇನ್ನೊಂದು ಕಣ್ಣನ್ನು ಗಾಜಿಗೆ ಹಚ್ಚಿ ನೋಡಿ, "ಇವರೇ" ಅಂದಳು. ಅವಳ ಮುಖ ನೋಡಿ ನನಗೆ ಎದುರು ಹೇಳಲು ಮನಸ್ಸಾಗಲಿಲ್ಲ. ಅಲ್ಲಿಂದ ಮುಂದೆ ಶುಕ್ರವಾರ ಬಂತೆಂದರೆ ಬರುವಳು, ಫೋಟೋಗೆ ಒಂದು ಮೊಳ ಮಲ್ಲಿಗೆ ಇಟ್ಟು ಹೋಗುವಳು.

ಇದರ ಮಧ್ಯೆ ಮೊಳಕಾಲ್ಮೂರಿನಿಂದ ರೇಷ್ಮೆ ನೇಯುವ ಮುದುಕರೊಬ್ಬರು ಸೀರೆ ಗಂಟು ಹೊತ್ತುಕೊಂಡು ಬಂದರು. ಮನೆ ಮಾತು ತೆಲುಗು. ಅದೇ ಫೋಟೋ ಮುಂದೆ ನಿಂತು, "ಮಾ ತಾತ!" ಅಂತ ಕೂಗಿದರು. ಬೆರಳು ಅದೇ ಮೀಸೆಯವನ ಮೇಲೆ. "ನಮ್ಮ ತಾತ ಮಗ್ಗ ನಿಲ್ಲಿಸಿ ಜೈಲಿಗೆ ಹೋದೋರು. ಈ ಮೂಗು ನೋಡ್ರಿ, ನನ್ನ ಮೂಗು ನೋಡ್ರಿ." ಜರಿ ಅಂಚಿನ ಒಂದು ತುಂಡು ರೇಷ್ಮೆಯನ್ನು ಫ್ರೇಮಿಗೆ ಹೊದಿಸಿ ಕೈಮುಗಿದು ಹೋದರು. ನಾನು ಅವರಿಗೂ ಏನೂ ಹೇಳಲಿಲ್ಲ. ಶುಕ್ರವಾರ ರೇಷ್ಮೆ ತೆಗೆದಿಡುವುದು, ಅವರು ಬರುವ ದಿನ ಮಲ್ಲಿಗೆ ತೆಗೆದಿಡುವುದು, ಹೀಗೆ ನಡೆಸಿಕೊಂಡು ಹೋದೆ.

ಒಂದು ಶುಕ್ರವಾರ ನೇಕಾರರು ಬಂದು ರೇಷ್ಮೆ ಹೊದಿಸುತ್ತಿದ್ದ ಹೊತ್ತಿಗೇ ಅಮ್ಮಿಯೂ ಬಂದಳು.

"ನಮ್ಮ ದಾದಾ ಮೇಲೆ ಯಾರು ಬಟ್ಟೆ ಹಾಕಿದ್ದು?" ಅಂದಳು ಅಮ್ಮಿ.

"ನಿಮ್ಮ ದಾದಾ ಎಲ್ಲಮ್ಮಾ, ಮಾ ತಾತ ಇವರು!"

"ಮೂಗು ನೋಡ್ರಿ ಸರಿಯಾಗಿ. ನಮ್ಮ ಖಾನ್ದಾನಿನ ಮೂಗು."

"ಮೂಗು ನಮ್ದು! ಮೀಸೆ ಬೇಕಾದ್ರೆ ನೀವು ಇಟ್ಕೊಳ್ರಿ!"

ಜಗಳ ಕನ್ನಡದಲ್ಲಿ ಶುರುವಾಗಿ, ಒಂದು ಕಡೆ ಉರ್ದುವಿಗೂ ಇನ್ನೊಂದು ಕಡೆ ತೆಲುಗಿಗೂ ಹೋಯಿತು. ಅಮ್ಮಿಗೆ ಅದು ಮೂಗಿನ ಪ್ರಶ್ನೆ ಆಗಿರಲಿಲ್ಲ. ಟೀ ಅಂಗಡಿಯಲ್ಲಿ ನಕ್ಕವರಿಗೆ ತೋರಿಸಲು ಅವಳ ಬಳಿ ಇದ್ದದ್ದು ಆ ಒಂದು ಮುಖ ಮಾತ್ರ.

ಅಜ್ಜ ಆ ದಿನಗಳಲ್ಲಿ ಮಧ್ಯಾಹ್ನದ ಹೊತ್ತು ನಮ್ಮ ಬೆಂಚಿನ ಮೇಲೇ ಕೂತಿರುತ್ತಿದ್ದರು. ಮೊಮ್ಮಗಳು ಶಾಲೆಗೆ ಹೋಗುವಾಗ ಬಿಟ್ಟು ಹೋಗುವಳು. "ಏನು ಗಲಾಟೆ?" ಅಂದರು. ನಾನು ಬೇರೆ ದಾರಿ ಕಾಣದೆ ಫೋಟೋ ಇಳಿಸಿ ಅವರ ತೊಡೆ ಮೇಲಿಟ್ಟೆ. ನಡುವಿನವನನ್ನು ತೋರಿಸಿ, "ಅಜ್ಜಾ, ಇವರು ಯಾರು?" ಅಂತ ಕಿವಿಯಲ್ಲಿ ಕೂಗಿದೆ.

ಅಜ್ಜ ಕನ್ನಡಕ ಒರೆಸಿಕೊಂಡು ನೋಡಿದರು.

"ಇವನಾ? ಇವನು ಪೊಲೀಸರ ಕಡೆಯೋನು. ಚಳವಳಿಯೋರ ಜೊತೆ ಸೇರ್ಕೊಂಡು ಎಲ್ಲಾ ಸುದ್ದಿ ಅಲ್ಲಿಗೆ ಮುಟ್ಟಿಸ್ತಿದ್ದ. ಫೋಟೋ ತೆಗೆಯೋನ್ನ ಕರ್ಕೊಂಡು ಬಂದಿದ್ದೂ ಇವನೇ. ಆಮೇಲೆ ಈ ಫೋಟೋ ಕೈಯಲ್ಲಿ ಹಿಡ್ಕೊಂಡೇ ಪೊಲೀಸ್ರು ಮನೆ ಮನೆ ಹುಡುಕಿದ್ರು."

ನೇಕಾರರು ಮೆಲ್ಲಗೆ ಕೈ ಚಾಚಿ ತಮ್ಮ ರೇಷ್ಮೆ ತುಂಡನ್ನು ಎತ್ತಿಕೊಂಡು ಮಡಿಸಿದರು.

"ಈಗ ನೋಡಿದ್ರೆ, ಮೂಗು ನಿಮ್ಮ ಕಡೇದೇ ಇರಬೇಕಮ್ಮಾ" ಅಂದರು.

"ಇಲ್ಲ ಇಲ್ಲ, ನೀವು ದೊಡ್ಡೋರು, ನಿಮ್ಮ ಮಾತೇ ಸರಿ. ನಿಮ್ಮ ತಾತಾನೇ" ಅಂದಳು ಅಮ್ಮಿ.

"ಅಯ್ಯೋ, ಶುಕ್ರವಾರ ಶುಕ್ರವಾರ ಹೂವು ಇಟ್ಟೋರು ನೀವು!"

ಅಮ್ಮಿ ಬೆಂಚಿನ ತುದಿಯಲ್ಲಿ ಕೂತಳು. "ಹಂಗಾದ್ರೆ ನಮ್ಮ ದಾದಾ ಎಲ್ಲವ್ರೆ?" ಅಂತ ಕೇಳಿದಳು. ಅಜ್ಜನಿಗೆ ಕೇಳಿಸಲಿಲ್ಲ. ನಾನು ಕೂಗಿ ಹೇಳಿದೆ. ಕಂಬಳಿ ವ್ಯಾಪಾರ ಬಿಟ್ಟು ಹೋದವರು ಅಂತ. ನೇಕಾರರೂ ಕೂಗಿದರು, ಮಗ್ಗ ನಿಲ್ಲಿಸಿ ಹೋದವರು ಅಂತ.

ಅಜ್ಜ ಅಮ್ಮಿಯ ಮುಖವನ್ನೂ ನೇಕಾರರ ಮುಖವನ್ನೂ ಬಹಳ ಹೊತ್ತು ನೋಡಿದರು.

"ಓ, ಕಂಬಳಿ ಸಾಬ್ರು! ಮಗ್ಗದೋರೂ ಗೊತ್ತು ನನಗೆ. ಇಬ್ಬರನ್ನೂ ಒಂದೇ ವ್ಯಾನಲ್ಲಿ ತುಂಬ್ಕೊಂಡು ಹೋಗಿದ್ರಲ್ಲ. ಈ ಫೋಟೋದಲ್ಲಿ ಹುಡುಕಿದ್ರೆ ಹೆಂಗೆ ಸಿಗ್ತಾರೆ? ನಿಜವಾಗಿ ಕೆಲಸ ಮಾಡಿದೋರೆಲ್ಲ ಫೋಟೋ ತೆಗೆದ ದಿನ ಆಗ್ಲೇ ಜೈಲಲ್ಲಿದ್ರು."

ಅವರಿಗೆ ನಿಜವಾಗಿ ನೆನಪಿತ್ತೋ, ಎದುರಿಗಿದ್ದ ಎರಡು ಮುಖ ನೋಡಿ ಹೇಳಿದರೋ, ನನಗೆ ಇವತ್ತಿಗೂ ಗೊತ್ತಿಲ್ಲ. ಅಮ್ಮಿ ಬುರ್ಖಾದ ತುದಿಯಿಂದ ಕಣ್ಣೊರೆಸಿಕೊಂಡಳು. ನೇಕಾರರು ಅವಳ ಪಕ್ಕದಲ್ಲೇ ಕೂತು, "ಒಂದೇ ವ್ಯಾನಂತೆ ಅಮ್ಮಾ" ಅಂದರು. "ಹೂಂ, ಒಂದೇ ವ್ಯಾನು" ಅಂದಳು ಅಮ್ಮಿ. ಅಷ್ಟು ಹೊತ್ತು ಕಚ್ಚಾಡಿದವರು ನೆಂಟರ ಹಾಗೆ ಕೂತುಬಿಟ್ಟರು.

ಆಮೇಲೆ ನೇಕಾರರಿಗೆ ಏನೋ ಹೊಳೆಯಿತು. ಫೋಟೋದ ತುದಿಯಲ್ಲಿ, ಚಡ್ಡಿ ಹಾಕಿಕೊಂಡು, ಕ್ಯಾಮೆರಾವನ್ನು ಬಾಯಿಬಿಟ್ಟು ನೋಡುತ್ತಾ ನಿಂತ, ಅಜ್ಜನ ಹಾಗೇ ಅಗಲ ಕಿವಿಯ ಹುಡುಗನ ಮೇಲೆ ಬೆರಳಿಟ್ಟರು.

"ತಾತಾ, ಇದು ನೀವೇ ಕದಾ? ನಿಜವಾಗಿ ಕೆಲಸ ಮಾಡಿದೋರು ಫೋಟೋದಲ್ಲಿಲ್ಲ ಅಂದ್ರಿ. ಮತ್ತೆ ನೀವು ಇದೀರಲ್ಲ!"

ಅಜ್ಜ ತಮ್ಮ ಮುಖವನ್ನು ಹತ್ತಿರ ಹಿಡಿದು ನೋಡಿಕೊಂಡರು. ಹಲ್ಲಿಲ್ಲದ ಬಾಯಿ ಅಗಲವಾಯಿತು.

"ನಾನಾ? ನಾನು ಎಮ್ಮೆ ಹೊಡ್ಕೊಂಡು ಆ ಕಡೆ ಹೋಗ್ತಿದ್ದೆ. ಫೋಟೋ ತೆಗೀತಾರೆ ಅಂದ್ರು. ಜನ್ಮದಲ್ಲಿ ಕ್ಯಾಮೆರಾ ನೋಡಿರಲಿಲ್ಲ, ಹೋಗಿ ತುದೀಲಿ ನಿಂತೆ. ಆಮೇಲೆ ಫೋಟೋ ನೋಡ್ಕೊಂಡು ಬಂದು ನನ್ನೂ ಎಳ್ಕೊಂಡು ಹೋದ್ರು. ಬಿತ್ತೋ ಹೊತ್ತಿಗೆ ಹೋದೋನು, ಕಡ್ಲೆಕಾಯಿ ಕಿತ್ತ ಮೇಲೆ ಬಂದೆ."

"ಅಷ್ಟು ದಿನಾನಾ? ಬಿಡ್ರಪ್ಪಾ ಅಂತ ಕೇಳಲಿಲ್ವಾ ಅಜ್ಜಾ?" ಅಂದೆ.

"ದಿನಾ ಅವರೇ ಕೇಳ್ತಿದ್ರಪ್ಪ. 'ಮಾಡಿದ್ದು ತಪ್ಪಾಯ್ತು ಅಂತ ಒಂದು ಮಾತು ಹೇಳು, ಈಗ್ಲೇ ಬಿಡ್ತೀವಿ' ಅನ್ನೋರು. ನಾನು ಏನೂ ಮಾಡೇ ಇರಲಿಲ್ಲ. ಏನಂತ ಹೇಳ್ಲಿ?"